ಕೂದಲೆಳಿಯಷ್ಟು

ಹಾಡು ನಾ ಕೇಳಿಲ್ಲ.
ನಲವತ್ತೊಂದು ವರ್ಷ ಮಷೀನಿನ ಮಗ್ಗಲಕ್ಕ ನಿಂತ ಕಿವಿ ಇವು.
ಎಡಗಡೆದು ಪೂರ್ತಿ ಹೋಗೇತಿ, ಬಲಗಡೆದು
ಬೈದ್ರ ಮಾತ್ರ ಕೇಳತೈತಿ.
ನಾ ಓದಿದ್ದು ಕವರ್ ಅಷ್ಟ:
ಹನ್ನೆರಡಿಂಚು ಉದ್ದ, ಹನ್ನೆರಡಿಂಚು ಅಗಲ,
ದಪ್ಪ ಆರ್ಟ್ ಕಾರ್ಡು, ಇನ್ನೂರು ಪ್ರತಿ.

ತಂದಾಕಿ ಎಸ್ತೇರ ಬಡಿಗೇರ,
ಬೆಟಗೇರಿ ದವಾಖಾನಿ ನರ್ಸಮ್ಮನ ಮಗಳು.
ಚಿತ್ರ ತಗದಾಕಿನೂ ಆಕಿನ, ಹಾಡಾಕಿನೂ ಆಕಿನ.
'ಪಾಪ್ ಪಂಕ್, ತುಳಜಾಸಾ ಕಾಕಾ' ಅಂದ್ಲು.
'ಪಂಖಾ?' ಅಂದೆ.
ಮ್ಯಾಲ ತಿರುಗೂದನ್ನ ಒಮ್ಮೆ ನೋಡಿ ನಕ್ಕಳು,
'ಹೂಂ, ಹಂಗ ಅನ್ಕೋರಿ. ಸಿಟ್ಟಿಗೆದ್ದ ಪಂಖಾ.'

ಭೂತಗನ್ನಡಿ ಇಟ್ಟು ಬಗ್ಗಿದೆ.

ಮುಗಿಲು ಗುಲಾಬಿ.
ಲಗ್ನಪತ್ರದ ಗುಲಾಬಿ ಅಲ್ಲ, ಅದು ಮೆತ್ತಗ,
ಬೀಗರಿಗೆ ಅಂಜಿದ್ದು.
ಇದು ಮೊಳಕಾಲು ಕೆತ್ತಿದಾಗ
ರಕ್ತ ಬರೂಕಿಂತ ಮೊದಲ
ಒಂದ ಗಳಿಗಿ ಕಾಣತೈತಲ್ಲ, ಆ ಗುಲಾಬಿ.

ಅದರ ಕೆಳಗ ಕಾಂಪೌಂಡ್ ಗೋಡಿ. ತುದಿಗೆ
ಒಡದ ಬಾಟ್ಲಿ ಚೂರು, ಹಸರು, ಕಂದು,
ನಡುವ ಒಂದ ಒಂದು ನೀಲಿ.
ನೀಲಿದು ಔಷಧಿ ಬಾಟ್ಲಿದು. ಅದು ಆಕಿ ಅವ್ವನ ರಾತ್ರಿ ಪಾಳಿ
ಅಂತ ನಾ ತಿಳಕೊಂಡೆ, ಕೇಳಲಿಲ್ಲ.
ಗೋಡಿ ಮ್ಯಾಲ ಏನೋ ಬರದಿದ್ರು,
ಸುಣ್ಣ ಉದುರಿ 'ಬಾರದು' ಅಷ್ಟ ಉಳದೈತಿ.
ಏನ ಮಾಡಬಾರದು ಯಾರಿಗೂ ಗೊತ್ತಿಲ್ಲ,
ಬಾರದು ಅನ್ನೂದು ಎಲ್ಲಾರಿಗೂ ಗೊತ್ತೈತಿ.

ಗೋಡಿಗಿಂತ ಮ್ಯಾಲ, ಗಾಳ್ಯಾಗ, ಪೋರಿ.
ಸಾಲಿ ಯೂನಿಫಾರ್ಮು, ಎರಡ ಜಡಿ,
ಒಂದ ಕಾಲಾಗ ಬೂಟು, ಇನ್ನೊಂದರಾಗ ಬರೇ ಸಾಕ್ಸು,
ಸಾಕ್ಸಿನ ತೂತಿನಿಂದ ಹೆಬ್ಬಟ್ಟು ಹೊರಗ,
ಅದರ ಉಗರಿಗೆ ಬಣ್ಣ.
ಆ ಉಗರಿನ ಮ್ಯಾಲ ನನ್ನ ಗಾಜು ಭಾಳೊತ್ತು ನಿಂತಿತು.
ಬೂಟಿನೊಳಗ, ಸಾಕ್ಸಿನೊಳಗ, ಯಾರಿಗೂ ಕಾಣದಲ್ಲಿ
ಬಣ್ಣ ಹಚ್ಚಿಕೊಂಡಾಳಂದ್ರ,

ಇರ್ಲಿ.

'ಹೊರಗ ಹಾರಾಕತ್ತಾಳೋ, ಒಳಗೋ?'
'ನೀವ ಹೇಳ್ರಿ.'
'ಬೆನ್ನಿಗೆ ದಪ್ತರ ಇಲ್ಲ. ಹೊರಗ.'
'ದಪ್ತರ ಮೊದಲ ಒಗದಿರಬೋದಲ್ಲ, ಆಚಿಕಡೆ.'
'ಆಚಿಕಡೆ ಅಂದ್ರ ಯಾವ ಕಡೆವಾ?'
ಹೆಗಲು ಹಾರಿಸಿದ್ಲು.

'ನೆರಳರೆ ತಪ್ಪೈತಿ ನೋಡು.
ಸೂರ್ಯ ಎಡಕ, ನೆರಳೂ ಎಡಕ.'
ಕ್ಯಾಲೆಂಡರಿನ ದೇವರಿಗೆ ನೆರಳ ಇರೂದಿಲ್ಲ,
ಹಂಗಾಗಿ ಈ ತಪ್ಪು ಹಿಡಿದಾಗ
ನನಗ ಸ್ವಲ್ಪ ಹೆಮ್ಮಿನ ಆಗಿತ್ತು.
ಆಕಿ ಅಂದ್ಲು:
'ಅದು ಆಕಿ ನೆರಳಲ್ರಿ.
ಹಿಂದಿನ ಸಲ ಹಾರಿದಾಕಿದು.'

ಮೊದಲನೇ ಪ್ರೂಫಿನ್ಯಾಗ ಮಜೆಂಟಾ ಸರದಿತ್ತು,
ಕೂದಲೆಳಿಯಷ್ಟು.
ಪೋರಿಗೆ ಎರಡ ಅಂಚು ಬಂದಾವು, ಕರೇದು, ಗುಲಾಬಿದು.
ಒಬ್ಬಾಕಿ ಹಾರ್‍ಯಾಳ,
ಇನ್ನೊಬ್ಬಾಕಿ ಹಾರಬೇಕು ಅನ್ನೂದರಾಗ ಅದಾಳ.
ನನಗ ನಾಚಿಕಿ ಆತು. ಹಾಳಿ ಮಡಚಿ ಬಗಲಾಗ ಇಟ್ಟು
'ಹತ್ತ ನಿಮಿಷ, ಕೂಡಿಸಿ ಕೊಡ್ತೀನಿ' ಅಂದು
ಪಾನಾ ತಗೊಂಡೆ.
ಆಕಿ ಮಷೀನಿಗೆ ಅಡ್ಡ ಬಂದು ಏನೋ ಅಂದ್ಲು,
ಎಡಗಿವಿ ಕಡೆ. ಕೇಳಲಿಲ್ಲ.
ತಿರುಗಿ ಬಲಗಿವಿ ಕೊಟ್ಟೆ.
ಬೈದಳು:
'ಹಿಂಗ ಇರ್ಲಿ ಅಂದ್ನಿ!'

ಇನ್ನೂರು ಸಲ ಒತ್ತಿದೆ.
ಇಷ್ಟ ವರ್ಷದಾಗ ತಪ್ಪು ಬಾಳ ಮಾಡೀನಿ,
ಒಂದ ತಪ್ಪನ್ನ ಇನ್ನೂರು ಸಲ
ಒಂದ ಅಳತಿಗೆ ಹಿಡದು ನಿಲ್ಲಿಸಿದ್ದಿಲ್ಲ.
ಕೈ ನಡುಗಿದ್ರ ಎಲ್ಲಿ ಸರಿ ಆಗಿಬಿಡತೈತೋ
ಅಂತ ಅಂಜಿಕಿ.

ಮಡಚಿದ ಹಾಳಿ ಈಗ ಶಾಯಿ ಡಬ್ಬಿ ಕಪಾಟಿಗೆ ಹಚ್ಚೀನಿ.
ಮನ್ನೆ ಲಗ್ನಪತ್ರಕ್ಕಂತ ಬಂದ ಹೊಂಬಳದ ಮಂದಿ
ಅಕ್ಷತಾ, ಆರತಕ್ಷತಾ, ಊಟದ ವ್ಯಾಳ್ಯಾ ಎಲ್ಲಾ ಬರಸಿ,
ಹೋಗೂಮುಂದ ಅದರ ಮುಂದ ನಿಂತರು.
'ಈ ಪೋರಿ ಬೀಳಾಕತ್ತಾಳೇನ್ರಿ?'
'ಇಲ್ರಿ' ಅಂದೆ.
'ಮಜೆಂಟಾ ಸರದೈತಿ.'